‘ಸೆಕ್ಟ್’ ಎಂಬ ಶಬ್ದದ ಅರ್ಥಸಂಚಾರ



ಶಬ್ದಾರ್ಥವಿಚಾರಕ್ಕೆ ಮೀಸಲಾದ ಈ ದತ್ತಿಯ ಆಶ್ರಯದಲ್ಲಿ ಒಂದು ಮದ್ಯದ ಹೆಸರನ್ನು ವಿಷಯವಾಗಿ ಆರಿಸಿಕೊಂಡುದೇಕೆಂಬುದನ್ನು ಮೊದಲೇ ಅರಿಕೆಮಾಡುವುದು ಯುಕ್ತ. ಜರ್ಮನ್ ಭಾಷೆಯಲ್ಲಿ ನೊರೆಯುಕ್ಕುವ ದ್ರಾಕ್ಷಾಮದ್ಯಕ್ಕೆ ‘ಸೆಕ್ಟ್’ ಎಂದು ಹೆಸರು. ಶಬ್ದದ ವ್ಯುತ್ಪತ್ತಿಯಿಂದ ಬರುವ ಯೋಗಾರ್ಥಕ್ಕಿಂತ ಬಳಕೆಯಿಂದ ನೆಲೆಗೊಂಡ ರೂಢಿಯೇ ಬಲವತ್ತರವೆಂದು ನಮ್ಮ ಶಾಸ್ತ್ರಕಾರರು ತೀರ್ಮಾನಿಸಿದ್ದಾರೆ. ಎಳ್ಳಿನ ನೆಯ್ ಎಂಬ ಅರ್ಥದಲ್ಲಿ ಹುಟ್ಟಿದ ‘ಎಣ್ಣೆ’ಯು ಕೊಬ್ಬರಿ ಎಣ್ಣೆಯೂ ಹರಳೆಣ್ಣೆಯೂ ಆಗಿ, ಕಡೆಗೆ ಎಳ್ಳಿನ ಸೋಂಕೇ ಇಲ್ಲದ ಸೀಮೆಎಣ್ಣೆಯೂ ಆದುದನ್ನು ಬಲ್ಲ ಕನ್ನಡಿಗರಿಗೆ ಆ ತೀರ್ಮಾನ ಹೊಸದಲ್ಲ. ಆದರೆ ಎಣ್ಣೆ ಯಾವ ಊರಿನಲ್ಲಿ, ಯಾರ ಬಾಯಲ್ಲಿ ಅರ್ಥವನ್ನು ಬದಲಿಸಿತೆಂದು ಹೇಳಬಲ್ಲವರಿಲ್ಲ. ಸೆಕ್ಟ್ ಶಬ್ದದ ವಿಷಯದಲ್ಲಾದರೋ ಊರು, ಬೀದಿ, ವರ್ಷ, ಮನುಷ್ಯ ಎಲ್ಲವನ್ನೂ ಪರಂಪರೆ ಹೆಸರಿಸಿ ಹೇಳುತ್ತದೆ. ಅರ್ಥಪರಿಣಾಮದ ಅಭ್ಯಾಸಿಗೆ ಇಂಥ ಭಾಗ್ಯ ಅಪೂರ್ವವಾದುದು.

ಮೂಲವನ್ನು ಅರಸಿ ಹೋದರೆ ‘ಒಣಗಿದ’ ಎಂಬರ್ಥದ ಲ್ಯಾಟಿನ್ ಪದ ‘ಸಿಕ್ಕುಸ್’ ನಮಗೆ ಎದುರಾಗುತ್ತದೆ. ಸಂಸ್ಕೃತಜ್ಞರಿಗೆ ಒಡನೆಯೇ ‘ಶುಷ್ಕ’ ನೆನಪಾಗುವುದು ಸಹಜವೇ. ಆದರೆ ಭಾಷಾಶಾಸ್ತ್ರಜ್ಞರು ಅವೆರಡನ್ನೂ ಬೇರೆ ಬೇರೆ ಧಾತುಗಳಿಂದ ಸಾಧಿಸುತ್ತಾರೆ, ಧ್ವನಿಸಾಮ್ಯವನ್ನು ನಂಬಿ ಬಾಂಧವ್ಯ ಕಲ್ಪಿಸುವಂತಿಲ್ಲ. ಇಟಲಿಯ ‘ಸೆಕ್ಕೊ’, ಫ್ರಾನ್ಸಿನ ‘ಸೆಕ್’ ಈ ಲ್ಯಾಟಿನ್ ಪದದ ಸಂತಾನ. ಬಳ್ಳಿಯಲ್ಲಿಯೇ ಬಾಡಿ ಸುಕ್ಕಾದ ಹಣ್ಣಿನಿಂದ ತೆಗೆದ ಮಧುರವಾದ ಮದ್ಯವನ್ನು ಜರ್ಮನರು ಹದಿನೇಳನೆಯ ಶತಮಾನದಲ್ಲಿ ಈ ಹೆಸರಿನಿಂದ ಕರೆಯತೊಡಗಿದರು. ಅವರ ಉಚ್ಚಾರಣೆಯ ಅಭ್ಯಾಸದಿಂದ ಕೊನೆಯಲ್ಲೊಂದು ತಕಾರ ಸೇರಿ ಅದು ಸೆಕ್ಟ್ ಆಯಿತು. ಒಣಗಿದ್ದೆಂಬ ಹೆಸರು ಸಿಹಿಯಾದ ಪಾನೀಯಕ್ಕೆ ನಿಂತಿತು. ನೊರೆಯ ಪ್ರಸ್ತಾಪವೇ ಆಗ ಇರಲಿಲ್ಲ.

ಇತ್ತ ಇಂಗ್ಲೆಂಡಿನಲ್ಲಿ ಸ್ಪೇನ್ ದೇಶದಿಂದಲೂ ಕ್ಯಾನರಿ ದ್ವೀಪಗಳಿಂದಲೂ ಹಡಗಿನಲ್ಲಿ ಬರುತ್ತಿದ್ದ ಮದ್ಯವನ್ನು ‘ಸ್ಯಾಕ್’ ಎನ್ನುತ್ತಿದ್ದರು. ಇದೂ ಆ ಫ್ರೆಂಚ್ ‘ಸೆಕ್’ನಿಂದಲೇ ಬಂದುದೆಂದು ಕೆಲವರೂ, ‘ಹೊರತೆಗೆ’ ಎಂಬರ್ಥದ ಸ್ಪ್ಯಾನಿಷ್ ಕ್ರಿಯಾಪದದಿಂದ ಬಂದುದೆಂದು ಕೆಲವರೂ ವಾದಿಸುತ್ತಾರೆ. ಆ ವಿವಾದವೇನೇ ಇರಲಿ, ಸ್ಯಾಕನ್ನು ಅಮರಗೊಳಿಸಿದವನು ಷೇಕ್ಸ್‌ಪಿಯರನ ಫಾಲ್‌ಸ್ಟಾಫ್. ನಾಲ್ಕನೆಯ ಹೆನ್ರಿಯ ನಾಟಕದ ಮೊದಲ ಭಾಗದಲ್ಲಿ ಈ ಸ್ಥೂಲಕಾಯನು ನಿದ್ರಿಸುತ್ತಿರುವಾಗ ಅವನ ಜೇಬನ್ನು ಶೋಧಿಸಿದರೆ ಪಾನಗೃಹದ ಲೆಕ್ಕದ ಚೀಟಿ ದೊರೆಯುತ್ತದೆ: ಎರಡು ಗ್ಯಾಲನ್ ಸ್ಯಾಕಿಗೆ ಐದು ಷಿಲಿಂಗ್ ಎಂಟು ಪೆನ್ಸ್, ರೊಟ್ಟಿಗೆ ಅರ್ಧ ಪೆನ್ನಿ. ಒಬ್ಬನ ಸ್ವಭಾವವನ್ನೆಲ್ಲ ಒಂದು ಲೆಕ್ಕದ ಚೀಟಿಯಲ್ಲಿ ಅಡಗಿಸಿಟ್ಟ ಆ ಕೌಶಲವನ್ನು ಎಷ್ಟು ಸ್ತುತಿಸಿದರೂ ಸಾಲದು. ಈ ನಾಟಕಗಳನ್ನು ಜರ್ಮನ್ ಭಾಷೆಗೆ ತಂದ ಆಗಸ್ಟ್ ವಿಲ್ಹೆಲ್ಮ್ ಷ್ಲೇಗೆಲ್ ‘ಸ್ಯಾಕ್’ ಇದ್ದೆಡೆಯಲ್ಲಿ ತನ್ನ ನುಡಿಯ ‘ಸೆಕ್ಟ್’ ಪದವನ್ನೇ ಇಟ್ಟನು. ಅರ್ಥದಲ್ಲಿ ಅದು ತಕ್ಕುದಾಗಿಯೇ ಇತ್ತು.

ಇನ್ನು ನಾವು ಬರ್ಲಿನ್ನಿಗೆ ಬರಬೇಕು. ಅಲ್ಲಿನ ರಾಜರಂಗಮಂದಿರದ ಪ್ರಖ್ಯಾತ ನಟ ಲೂಡ್ವಿಗ್ ಡೆವ್ರಿಯೆಂಟ್. ಷೈಲಾಕ್, ಲಿಯರ್, ಫಾಲ್‌ಸ್ಟಾಫ್ ಈ ಮೂರು ಪಾತ್ರಗಳಲ್ಲಿಯೂ ಜನರನ್ನು ಬೆರಗುಗೊಳಿಸಿದವನು. ನಾಟಕ ಮುಗಿದ ಮೇಲೆ ರಂಗಮಂದಿರಕ್ಕೆ ಸಮೀಪದಲ್ಲಿದ್ದ ‘ಲುಟರ್ ಮತ್ತು ವೇಗ್ನರ್’ ಎಂಬ, 1811ರಲ್ಲಿ ಸ್ಥಾಪಿತವಾದ ಮದ್ಯಶಾಲೆಗೆ ಹೋಗುವುದು ಅವನ ವಾಡಿಕೆ. ಕಥೆಗಾರ ಹಾಫ್‌ಮನ್ 1822ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಅವನ ಸಂಗಾತಿಯಾಗಿದ್ದನು. ಡೆವ್ರಿಯೆಂಟ್ ಅಲ್ಲಿ ನಿತ್ಯ ಸೇವಿಸುತ್ತಿದ್ದುದು ನೊರೆಯುಕ್ಕುವ ಶಾಂಪೇನ್. 1825ರ ಒಂದು ರಾತ್ರಿ ಫಾಲ್‌ಸ್ಟಾಫನ ವೇಷವನ್ನು ಕಳಚಿದರೂ ಅವನ ವಾಣಿಯನ್ನು ಕಳಚದೆ ಒಳಬಂದ ನಟನು, ಆ ಪಾತ್ರದ ಗದರಿಕೆಯ ಧಾಟಿಯಲ್ಲಿಯೇ ತನಗೆ ಸೆಕ್ಟ್ ತಂದುಕೊಡೆಂದು ಮಾಣಿಗೆ ಆಜ್ಞಾಪಿಸಿದನಂತೆ. ಮಾಣಿಯು ಹಳೆಯ ಗಿರಾಕಿಯ ಅಭಿರುಚಿಯನ್ನು ಬಲ್ಲವನಾದುದರಿಂದ ಎಂದಿನಂತೆ ಶಾಂಪೇನನ್ನೇ ತಂದಿಟ್ಟನು. ಸುತ್ತಲಿದ್ದವರಿಗೆ ವಿನೋದವೆನಿಸಿ, ಮರುದಿನದಿಂದ ಅವರೂ ಹಾಗೆಯೇ ಕೇಳತೊಡಗಿದರು. ಬಾಯಿಂದ ಬಾಯಿಗೆ ಹರಿದು ಬಂದ ಈ ಕಥೆಗೆ ದಾರಿಯಲ್ಲಿ ಬಣ್ಣ ಸೇರಿದ್ದೀತು. ಆದರೂ ಅರ್ಥದ ಈ ಪಲ್ಲಟ ಬರ್ಲಿನ್ನಿನಲ್ಲಿಯೇ ಮೊದಲಾಯಿತೆಂಬುದನ್ನು ನಿಘಂಟುಕಾರರು ಅಂಗೀಕರಿಸುತ್ತಾರೆ. ನನ್ನ ಮನಸ್ಸು ನಟನಿಗಿಂತ ಆ ಮಾಣಿಯ ಕಡೆಗೇ ಹೆಚ್ಚು ಒಲಿಯುತ್ತದೆ. ನಿಘಂಟನ್ನು ನಂಬಿ ಅವನು ಸ್ಪೇನಿನ ಮದ್ಯವನ್ನು ತಂದಿದ್ದರೆ ಇಂದಿನ ನಮ್ಮ ವಿಷಯವೇ ಹುಟ್ಟುತ್ತಿರಲಿಲ್ಲ. ನುಡಿದವನ ವಿವಕ್ಷೆಯನ್ನು ಅರಿತು ಅವನು ಬಾಟಲಿಯನ್ನು ಆರಿಸಿದನು, ಆ ಆಯ್ಕೆಯೇ ಶಬ್ದಕ್ಕೆ ನೂತನಾರ್ಥವಾಯಿತು.

ಅದರ ಮರುವರ್ಷವೇ, 1826ರಲ್ಲಿ, ಫ್ರಾನ್ಸಿನ ರ‍್ಯಾನ್ಸ್ ಪಟ್ಟಣದ ವಿಧವೆ ಕ್ಲಿಕೋ ಅವರ ಸಂಸ್ಥೆಯಲ್ಲಿ ಪಳಗಿದ್ದ ಗೇಯಾರ್ಗ್ ಕ್ರಿಸ್ಟಿಯಾನ್ ಕೆಸ್ಲರ್ ಎಂಬಾತನು ಎಸ್ಲಿಂಗೆನ್ ಊರಿನಲ್ಲಿ ನೊರೆಮದ್ಯದ ತಯಾರಿಕೆಯನ್ನು ಆರಂಭಿಸಿದನು. ಒಮ್ಮೆ ಹುದುಗಿದ ರಸಕ್ಕೆ ಸಕ್ಕರೆಯನ್ನೂ ಯೀಸ್ಟನ್ನೂ ಸೇರಿಸಿ ಬಾಟಲಿಯಲ್ಲಿ ಮುಚ್ಚಿಟ್ಟರೆ ಅದು ಮತ್ತೊಮ್ಮೆ ಹುದುಗುವುದು. ಆಗ ಹುಟ್ಟಿದ ಅಂಗಾರಾಮ್ಲವಾಯು ಹೊರಹೋಗಲು ದಾರಿಯಿಲ್ಲದೆ ರಸದಲ್ಲಿಯೇ ಲೀನವಾಗಿ, ಬಿರಡೆ ತೆಗೆದಾಗ ನೊರೆಯಾಗಿ ಚಿಮ್ಮುವುದು. ಹೀಗೆ ವಸ್ತುವೂ ದೇಶದೊಳಗೆ ತಯಾರಾಗತೊಡಗಿತು, ಹೆಸರೂ ಮೆಲ್ಲಮೆಲ್ಲನೆ ಬರ್ಲಿನ್ನಿನಾಚೆಗೆ ಹಬ್ಬಿತು.

ಜನ ಕೊಟ್ಟ ಈ ಅರ್ಥವನ್ನು ಪ್ರಭುತ್ವ ಕೈಗೆತ್ತಿಕೊಂಡುದು ಆಮೇಲೆ. 1902ರಲ್ಲಿ ಎರಡನೆಯ ವಿಲ್ಹೆಲ್ಮ್ ಚಕ್ರವರ್ತಿಯ ಸರ್ಕಾರವು ನೌಕಾಪಡೆಯ ವೆಚ್ಚಕ್ಕಾಗಿ ನೊರೆಮದ್ಯದ ಮೇಲೆ ತೆರಿಗೆಯನ್ನು ವಿಧಿಸಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ತರುವಾಯ, 1919ರ ಜೂನ್ 21ರಂದು, ಆ ಪಡೆಯ ಹಡಗುಗಳನ್ನು ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ಅವುಗಳ ನಾವಿಕರೇ ಮುಳುಗಿಸಿದರು. ಒಂದು ವಾರದ ತರುವಾಯ ವರ್ಸೈಲ್ಸ್ ಒಪ್ಪಂದಕ್ಕೆ ಸಹಿಯಾಯಿತು. ಅದರ 275ನೆಯ ವಿಧಿಯು ಮದ್ಯಗಳ ಪ್ರಾದೇಶಿಕ ನಾಮಗಳನ್ನು ಗೌರವಿಸುವಂತೆ ಜರ್ಮನಿಯನ್ನು ಬದ್ಧಗೊಳಿಸಿತು. ಶಾಂಪೇನ್ ಎಂಬುದು ಫ್ರಾನ್ಸಿನ ಒಂದು ಸೀಮೆಯ ಹೆಸರಾದುದರಿಂದ ಜರ್ಮನ್ ತಯಾರಕರು ಅದನ್ನು ಬಿಡಲೇಬೇಕಾಯಿತು. ಯಾವ ನೆಲದ ಹಕ್ಕಿಗೂ ಒಳಪಡದೆ ಪಾನಗೃಹದಲ್ಲಿ ಬೆಳೆದ ಸೆಕ್ಟ್ ಶಬ್ದ ಅವರಿಗೆ ಆಗ ಆಸರೆಯಾಯಿತು.

ಆದರೆ ತಾವು ಕಳೆದುಕೊಂಡ ಬಗೆಯ ಹಕ್ಕನ್ನು ಈ ಪದದ ಮೇಲೆ ಸ್ಥಾಪಿಸಬೇಕೆಂಬ ಆಸೆ ಜರ್ಮನರಿಗೂ ಉಂಟಾಯಿತು. 1971ರ ಕಾನೂನಿನಿಂದ ಅವರು ಅದನ್ನು ತಮ್ಮ ದೇಶದ ಮದ್ಯಕ್ಕೆ ಮೀಸಲಿಡಲು ಯತ್ನಿಸಿದರು. ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ಸಮುದಾಯದ ನ್ಯಾಯಾಲಯವು 1975ರ ಫೆಬ್ರವರಿಯಲ್ಲಿ ಅದನ್ನು ಒಪ್ಪದೆ, ಸೆಕ್ಟ್ ಎಂಬುದು ಯಾವ ಸ್ಥಳವನ್ನೂ ಸೂಚಿಸದ ಸಾಮಾನ್ಯನಾಮವೆಂದು ತೀರ್ಪಿತ್ತಿತು. ಆ ತೀರ್ಪು ಶಬ್ದದ ಚರಿತ್ರೆಗೆ ಅನುಗುಣವಾದುದೆಂದೇ ನನ್ನ ಅಭಿಪ್ರಾಯ. ತೆರಿಗೆಯಾದರೋ 1933ರಲ್ಲಿ ನಿಂತು, 1939ರಲ್ಲಿ ಯುದ್ಧದ ನೆಪದಿಂದ ಮರಳಿ ಬಂದು, ಬಾಟಲಿಯೊಂದಕ್ಕೆ ಒಂದು ಯೂರೋ ಎರಡು ಸೆಂಟಿನಂತೆ ಇಂದಿಗೂ ಸಂದಾಯವಾಗುತ್ತಿದೆ.