ವೃತ್ತಿಶಿಕ್ಷಣದಲ್ಲಿ ಬೋಧಕನ ಹೊಣೆ

(ಇಲ್ಫರ್ಡಿನಲ್ಲಿ ಸೇರಿದ್ದ ನಮ್ಮ ಕನ್ನಡ ಕೂಟದ ಸಭೆಯಲ್ಲಿ ಅತಿಥಿ ವೈದ್ಯರು ನೀಡಿದ ಉಪನ್ಯಾಸದ ಪಾಠ)



ವೈದ್ಯರನ್ನು ಕರೆದಿದ್ದೀರಿ, ಸಕ್ಕರೆ ಕಾಯಿಲೆಯ ಬಗೆಗೋ ರಕ್ತದೊತ್ತಡದ ಬಗೆಗೋ ನಾಲ್ಕು ಮಾತು ಕೇಳುವ ನಿರೀಕ್ಷೆ ತಮಗಿರಬಹುದು. ಆದರೆ ಈ ಸಂಜೆ ನಾವು ಆರಿಸಿಕೊಂಡ ವಿಷಯ ಬೇರೆ. ಈ ಊರಿನ ಬಾರ್ಲಿ ಲೇನಿನಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆಯಿದೆ. ಅದೇ ರಸ್ತೆಯ ಲಿಟಲ್ ಹೀತ್ ಭಾಗದಲ್ಲಿ, 2017ರಲ್ಲಿ ನ್ಯೂ ಸಿಟಿ ಕಾಲೇಜಿನೊಡನೆ ಸೇರಿಹೋದ ಹಿಂದಿನ ರೆಡ್‌ಬ್ರಿಜ್ ಕಾಲೇಜಿನ ಆವರಣವಿದೆ. ಮೊದಲನೆಯ ಕಟ್ಟಡ ನಮ್ಮೆಲ್ಲರಿಗೂ ಗೊತ್ತು. ಎರಡನೆಯದರ ಬಾಗಿಲು ಕಂಡವರು ನಮ್ಮಲ್ಲಿ ವಿರಳ. ಮಗನಿಗೆ ಮೆಡಿಕಲ್ ಸೀಟು ಸಿಕ್ಕ ಸುದ್ದಿ ಯುಗಾದಿಯ ಹೋಳಿಗೆಯೊಡನೆ ಮನೆಮನೆಗೆ ಮುಟ್ಟುತ್ತದೆ. ಮಗ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದರೆ, ಮಗಳು ರೋಗಿಗಳ ಆರೈಕೆಯ ಕೋರ್ಸಿಗೆ ಸೇರಿದರೆ, ಆ ಸುದ್ದಿಯನ್ನು ದನಿ ತಗ್ಗಿಸಿ ಹೇಳುತ್ತೇವೆ. ಆ ತಗ್ಗಿದ ದನಿ ಮಕ್ಕಳ ಕಿವಿಗೂ ಬೀಳುತ್ತದೆ.

ವೃತ್ತಿಕಾಲೇಜಿನ ಬೋಧಕನ ಮುಂದೆ ಕುಳಿತಿರುವವರಲ್ಲಿ ಹಲವರು ಹೀಗೆ ಮೊದಲೇ ಕುಗ್ಗಿ ಬಂದವರು. ಇಂಗ್ಲೆಂಡಿನಲ್ಲಿ ಜಿ.ಸಿ.ಎಸ್.ಇ. ಗಣಿತದಲ್ಲೋ ಇಂಗ್ಲಿಷಿನಲ್ಲೋ 4ನೆಯ ದರ್ಜೆ ದೊರೆಯದವರು 16 ವರ್ಷ ದಾಟಿದ ಮೇಲೂ ಆ ವಿಷಯವನ್ನು ಮತ್ತೆ ಓದಬೇಕು. ಸೋತ ಪಾಠವನ್ನೇ ಎದುರಿಟ್ಟುಕೊಂಡು ಹೊಸ ಕಸುಬು ಕಲಿಯಬೇಕು. ಸಂಜೆ ಅಂಗಡಿಯಲ್ಲಿ ದುಡಿದು ಬೆಳಗ್ಗೆ ತರಗತಿಗೆ ಬರುವವರೂ ಅವರಲ್ಲಿದ್ದಾರೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶದಲ್ಲಿ ತರಬೇತಿ ಪಡೆದು, ಬೇರೊಂದು ಊರಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಕಾಲ. ಕಾಲೇಜಿನಿಂದ ಹದಿನೇಳರ ಹುಡುಗಿಯೊಬ್ಬಳು ನಮ್ಮ ವಾರ್ಡಿಗೆ ಕೆಲಸ ಕಲಿಯಲು ಬಂದಿದ್ದಳು. ರೋಗಿಯ ಮಂಚದ ಬಳಿ, ಎಲ್ಲರೆದುರು, ವಯಸ್ಕರ ನಾಡಿ ನಿಮಿಷಕ್ಕೆ ಎಷ್ಟು ಬಾರಿ ಮಿಡಿಯಬೇಕೆಂದು ಕೇಳಿದೆವು. ಆಕೆ ತೊದಲಿದಳು. ‘ಇಷ್ಟೂ ತಿಳಿಯದೆ ಇಲ್ಲಿಗೇಕೆ ಬಂದೆ?’ ಎಂದೆವು. ಮರುದಿನ ಆಕೆ ಬರಲಿಲ್ಲ. ಅದು ನಮ್ಮ ಗಮನಕ್ಕೂ ಬಂದಿರಲಿಲ್ಲ.

ಮೂರನೆಯ ದಿನ ಆಕೆಯ ಬೋಧಕಿ ಬಸ್ಸು ಹಿಡಿದು ನಮ್ಮನ್ನು ಹುಡುಕಿಕೊಂಡು ಬಂದರು. ದೂರು ಹೇಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ‘ಡಾಕ್ಟರೇ, ಅವಳಿಗೆ ಉತ್ತರ ಗೊತ್ತಿತ್ತು. ನೀವು ಕೇಳಿದ ರೀತಿಗೆ ಮರೆತುಹೋಯಿತು. ಐದು ನಿಮಿಷ ಬಿಡುವು ಮಾಡಿಕೊಳ್ಳಿ, ನಿಮ್ಮ ನಾಡಿಯನ್ನೇ ಅವಳು ಎಣಿಸಲಿ’ ಎಂದರು. ಮುಂದಿನ ವಾರ ಹುಡುಗಿ ಬಂದು ನಮ್ಮ ಮಣಿಕಟ್ಟು ಹಿಡಿದಳು. ಅವಳ ಬೆರಳು ನಡುಗುತ್ತಿತ್ತು. ಪೂರ್ತಿ ಒಂದು ನಿಮಿಷ ಎಣಿಸಿ, ‘ಎಂಬತ್ತನಾಲ್ಕು, ಅರವತ್ತರಿಂದ ನೂರರೊಳಗಿದೆ, ಸರಿಯಾಗಿದೆ’ ಎಂದಳು. ಆಕೆ ತರಬೇತಿಯನ್ನು ಪೂರೈಸಿದಳು.

ನಮ್ಮ ಗುರುಗಳೂ ನಮ್ಮನ್ನು ಹೀಗೆಯೇ ಬೈದಿದ್ದರು, ಅದರಿಂದಲೇ ನಾವು ಕಲಿತೆವು ಎಂದು ಅದುವರೆಗೆ ನಂಬಿದ್ದೆವು. ಬೈಗುಳ ಸಹಿಸಿ ಉಳಿದವರು ಮಾತ್ರ ಹಾಗೆ ಹೇಳಬಲ್ಲರು. ಬಿಟ್ಟುಹೋದವರನ್ನು ಯಾರೂ ಕೇಳುವುದಿಲ್ಲ.

ಆ ಬೋಧಕಿಯಿಂದ ನಾವು ಕಲಿತದ್ದು ಇಷ್ಟು. ವಿದ್ಯಾರ್ಥಿ ಗೈರುಹಾಜರಾದರೆ ಅಂದೇ ವಿಚಾರಿಸಬೇಕು. ವಾರ ಕಳೆದರೆ ಮರಳುವ ದಾರಿ ದೂರವಾಗುತ್ತದೆ. ತಪ್ಪನ್ನು ಏಕಾಂತದಲ್ಲಿ ತಿದ್ದಬೇಕು, ಸರಿಯಾದುದನ್ನು ಎಲ್ಲರೆದುರು ಹೇಳಬೇಕು. ಕೆಲಸವನ್ನು ಒಮ್ಮೆ ಪೂರ್ತಿ ಮಾಡಿ ತೋರಿಸಿ, ಮತ್ತೊಮ್ಮೆ ಬಿಡಿಸಿ ತೋರಿಸಿ, ಆಮೇಲೆ ವಿದ್ಯಾರ್ಥಿಯ ಬಾಯಿಂದ ಹೇಳಿಸಿ, ಕೊನೆಗೆ ಅವನ ಕೈಯಿಂದ ಮಾಡಿಸಬೇಕು. ಹಾಡುತ್ತಾ ಹಾಡುತ್ತಾ ರಾಗ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ವೈದ್ಯಶಿಕ್ಷಣವೂ ಈ ಮಾತನ್ನು ನಿಧಾನವಾಗಿ ಕಲಿತಿದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು ಹೊಸ ಬಗೆಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ವಿದ್ಯಾರ್ಥಿ ಒಂದೊಂದೇ ಮೇಜಿಗೆ ಹೋಗಿ ಒಂದೊಂದು ಕೆಲಸ ಮಾಡಿ ತೋರಿಸುತ್ತಾನೆ. ಎಲ್ಲರಿಗೂ ಒಂದೇ ಅಳತೆಗೋಲು. ಪರೀಕ್ಷಕರ ಆ ಹೊತ್ತಿನ ಮನಸ್ಥಿತಿಗೆ ಅಲ್ಲಿ ಎಡೆ ಕಡಿಮೆ. ಅಂಕಗಳ ಭಯವಿಲ್ಲದೆ ವಾರಕ್ಕೊಮ್ಮೆ ಇದನ್ನೇ ಚಿಕ್ಕದಾಗಿ ನಡೆಸಿದರೆ ಎಲ್ಲಿ ಎಡವುತ್ತೇನೆಂಬುದು ವಿದ್ಯಾರ್ಥಿಗೇ ತಿಳಿಯುತ್ತದೆ.

ಕೋರ್ಸು ಮುಗಿದೊಡನೆ ಬೋಧಕನ ಹೊಣೆಯೂ ಮುಗಿಯಿತೇ? ಇದಕ್ಕೆ ನಮ್ಮ ತಾಯ್ನಾಡಿನಲ್ಲೇ ಉತ್ತರವಿದೆ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ತರಬೇತಿಯ ಅವಧಿ ಕೆಲವೇ ವಾರಗಳದು; ಆದರೆ ಅದು ಮುಗಿದ ಮೇಲೂ ಸುಮಾರು ಎರಡು ವರ್ಷ ಕಾಲ ಅವರ ಬೆನ್ನಹಿಂದೆ ನಿಂತು ವಿಚಾರಿಸುವುದು ಅಲ್ಲಿಯ ಪದ್ಧತಿ. ಸಾಲ ಸಿಕ್ಕಿತೇ, ಗಿರಾಕಿಗಳು ಬರುತ್ತಿದ್ದಾರೆಯೇ, ಧೈರ್ಯ ಉಳಿದಿದೆಯೇ ಎಂದು ಕೇಳುವವರೊಬ್ಬರಿರುತ್ತಾರೆ. ಮುಂದೆ ಇದೇ ಮಾದರಿಯ ಕೇಂದ್ರಗಳು ಭಾರತದ ಜಿಲ್ಲೆ ಜಿಲ್ಲೆಗಳಲ್ಲಿ ತೆರೆದವು.

ಇಂಗ್ಲೆಂಡಿನಲ್ಲಿ 2020ರಿಂದ ಆರಂಭವಾದ ಟಿ ಲೆವೆಲ್ ಕೋರ್ಸುಗಳಲ್ಲಿ ಕನಿಷ್ಠ 315 ಗಂಟೆಗಳ ಕಾಲ ನಿಜವಾದ ಕೆಲಸದ ಸ್ಥಳದಲ್ಲಿ ಕಲಿಯಬೇಕು. ಆ ಗಂಟೆಗಳಲ್ಲಿ ಬೋಧಕರು ನಮ್ಮಂಥವರೇ: ಆಸ್ಪತ್ರೆಯ ವೈದ್ಯರು, ಔಷಧದಂಗಡಿಯವರು, ಎಂಜಿನಿಯರುಗಳು, ಲೆಕ್ಕಪತ್ರದ ಕಚೇರಿಯವರು. ಈ ಸಭೆಯಲ್ಲಿ ಅಂಥವರು ಅನೇಕರಿದ್ದೀರಿ. ವರ್ಷಕ್ಕೊಬ್ಬ ವಿದ್ಯಾರ್ಥಿಗೆ ತಮ್ಮ ಬಾಗಿಲು ತೆರೆಯಿರಿ ಎಂಬುದು ನಮ್ಮ ಮೊದಲ ಬಿನ್ನಹ. ಬಂದವರ ಹೆಸರನ್ನು ಮೊದಲ ದಿನವೇ ಕಲಿಯಿರಿ ಎಂಬುದು ಎರಡನೆಯದು.

ಮೂರನೆಯ ಬಿನ್ನಹ ತಾಯಂದಿರಲ್ಲಿ, ತಂದೆಯಂದಿರಲ್ಲಿ. ತಮ್ಮ ಮಗಳು ಆರೈಕೆಯ ಕೆಲಸ ಕಲಿಯುತ್ತಿದ್ದರೆ ಮುಂದಿನ ಹಬ್ಬದ ದಿನ ಆ ಸುದ್ದಿಯನ್ನು ಇದೇ ಸಭಾಂಗಣದಲ್ಲಿ ಪೂರ್ಣ ದನಿಯಲ್ಲಿ ಹೇಳಿ. ನಾಳೆ ನಾವು ನೀವು ಆಸ್ಪತ್ರೆಯ ಮಂಚದಲ್ಲಿ ಮಲಗಿದಾಗ ನಮ್ಮ ನಾಡಿ ಹಿಡಿಯುವ ಕೈ ಅವಳದೇ.