ಬಹುಕಾಲದ ರೋಗಿಯ ಬಳಿ ಕೂರುವುದು



ಒಬ್ಬರಿಗೆ ಜ್ವರ ಬಂದರೆ ನೋಡಲು ಇಡೀ ಲೈನೇ ಬರುತ್ತದೆ. ಬ್ರೆಡ್ಡು ಬರುತ್ತದೆ, ಕಿತ್ತಳೆ ಬರುತ್ತದೆ. ಅದೇ ಆರು ತಿಂಗಳಾದರೂ ಏಳದವನ ಬಾಗಿಲಿಗೆ ಯಾರೂ ಬರುವುದಿಲ್ಲ. ಲಕ್ವ ಹೊಡೆದವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು, ದಮ್ಮಿನವರು, ಮನೆಯವರು ಸೊಪ್ಪು ಕೀಳಲು ಹೋದ ಮೇಲೆ ಸಂಜೆಯವರೆಗೆ ಗೋಡೆಯನ್ನೇ ನೋಡುತ್ತಾ ಮಲಗಿರುತ್ತಾರೆ. ಇಂದಿನ ಮಾತು ಅವರ ಕುರಿತು.

ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ತಾಯಿ ಇದ್ದರು. ಮೊದಲು ನರ್ಸು, ಆಮೇಲೆ ಡಾಕ್ಟರು. 1967ರಲ್ಲಿ ಗುಣವಾಗದ ರೋಗಿಗಳಿಗಾಗಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮ ತೆರೆದರು. ದೇಹದ್ದು, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲಾ ಸೇರಿ ರೋಗಿಯ ನೋವು ಎಂದು ಅವರು ಕಲಿಸಿದರು. "ಮನೆಗೆ ಭಾರವಾದೆನಲ್ಲಾ, ದೇವರು ನನ್ನನ್ನು ಮರೆತನೋ" ಎಂಬ ಸಂಕಟ ಗುಳಿಗೆಗೆ ಇಳಿಯುವುದಿಲ್ಲ.

ದೂರ ಹೋಗುವುದು ಬೇಡ. ನಮ್ಮ ನೆರೆಯ ಪಣಿಯರು, ಕುರುಂಬರು, ಇರುಳರ ಮನೆಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದೇ ಈ ನೀಲಗಿರಿಯ ಆದಿವಾಸಿಗಳಲ್ಲಿ, 1952ರಲ್ಲಿ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಎಲುಬಿನಲ್ಲಿ, ಎದೆಯಲ್ಲಿ ತಡೆಯಲಾರದ ನೋವು. ಚಳಿ, ಜ್ವರ, ಮೈಮುರಿಯುವ ಕೆಲಸ, ನೀರು ಕುಡಿಯದಿರುವುದು ಅದನ್ನು ಕೆರಳಿಸುತ್ತವೆ. ನಮ್ಮ ಬೆಟ್ಟದಲ್ಲಿ ಇವೆಲ್ಲಕ್ಕೂ ಕೊರತೆಯೇ? ಮುಂದಿನ ವಾರ ಆ ಹುಡುಗ ಎದ್ದು ಓಡಾಡುತ್ತಾನೆ. ಕಂಡವರು "ನಾಟಕ, ಸೋಮಾರಿತನ" ಎನ್ನುತ್ತಾರೆ. ನೋವಿದೆ ಎಂದು ಅವನು ಹೇಳಿದಾಗ ನಂಬುವುದೇ ನಾವು ಮಾಡಬಹುದಾದ ಮೊದಲ ಆತ್ಮಿಕ ಶುಶ್ರೂಷೆ.

ಗೂಡಲೂರಿನಲ್ಲಿ 1990ರಲ್ಲಿ ಆರಂಭವಾದ ಆದಿವಾಸಿ ಆಸ್ಪತ್ರೆಯಲ್ಲಿ ಆದಿವಾಸಿ ಹೆಣ್ಣುಮಕ್ಕಳೇ ತರಬೇತಿ ಪಡೆದು ನರ್ಸುಗಳಾದರು. ತನ್ನ ಮನೆಮಾತಿನಲ್ಲಿ ಮಾತಾಡಿಸುವವರು ಸಿಕ್ಕರೆ ರೋಗಿಯ ಅರ್ಧ ಭಯ ಅಲ್ಲೇ ಹೋಗುತ್ತದೆ. ನಮ್ಮಲ್ಲಿಯೂ ಕನ್ನಡ, ತಮಿಳು, ಬಡಗ, ಮಲಯಾಳ ಬಲ್ಲವರು ಇದ್ದೀರಿ. ಯಾರ ಮನೆಗೆ ಯಾರು ಎಂದು ನೋಡಿ ಕಳುಹಿಸೋಣ.

ಇನ್ನು ಬಾಯಿಯ ವಿಷಯ. ಯೋಬನ ಸ್ನೇಹಿತರು ಏಳು ದಿನ ಮಾತಾಡದೆ ನೆಲದ ಮೇಲೆ ಕೂತರು. ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆಯೇ! ರೋಗ ಪಾಪದ ಫಲ ಎಂದು ಯಾರ ಮಂಚದ ಬಳಿಯೂ ಹೇಳಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹಾಗೆ ಕೇಳಿದಾಗ ಕರ್ತನು ಒಪ್ಪಲಿಲ್ಲ. "ನಂಬಿಕೆಯಿದ್ದರೆ ಗುಳಿಗೆ ಯಾಕೆ" ಎನ್ನುವವರೂ ಬರುತ್ತಾರೆ. ಇನ್ಸುಲಿನ್ ಬೇಕಾದವರು ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಲೂಕನು ವೈದ್ಯನಾಗಿದ್ದನು ಎಂಬುದನ್ನು ಅವರಿಗೆ ನೆನಪಿಸಿ.

ನೆರೆಯವನು ಹಿಂದೂ ಆಗಿರಬಹುದು, ಮುಸಲ್ಮಾನನಾಗಿರಬಹುದು, ಕಾಡಿನ ದೇವರಿಗೆ ನಡೆದುಕೊಳ್ಳುವವನಾಗಿರಬಹುದು. ಪ್ರಾರ್ಥನೆ ಬೇಕೇ ಎಂದು ಕೇಳಿ. ಬೇಡವೆಂದರೆ ಸುಮ್ಮನೆ ಕೂತು ಗಂಜಿ ಕುಡಿಸಿ. ಎದ್ದು ಹೋಗಲಾರದವನಿಗೆ ಉಪದೇಶ ಮಾಡುವುದು ಅನ್ಯಾಯ. ಉಪದೇಶಿಯಾದ ನಾನೇ ಹೇಳುತ್ತಿದ್ದೇನೆ.

ಆರೈಕೆ ಮಾಡುವವಳನ್ನು ನೋಡಿ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ನಮ್ಮಲ್ಲಿ ಒಬ್ಬಳೇ ಹೊರುತ್ತಾಳೆ, ಮನೆಯಲ್ಲಿ ಉಳಿದ ದಿನ ಕೂಲಿಯನ್ನೂ ಕಳೆದುಕೊಳ್ಳುತ್ತಾಳೆ. ತಮಿಳುನಾಡು ಸರ್ಕಾರ 2021ರಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಬಿ.ಪಿ., ಸಕ್ಕರೆ ಗುಳಿಗೆಗಳನ್ನೂ ಹಾಸಿಗೆ ಹಿಡಿದವರ ಆರೈಕೆಯನ್ನೂ ಮನೆಗೆ ತರುವುದಕ್ಕಾಗಿ. ನಿಮ್ಮ ರೋಗಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ನರ್ಸಮ್ಮನನ್ನು ಕೇಳಿ. ಇಲ್ಲದಿದ್ದರೆ ಸಂಘದವರಿಗೆ ತಿಳಿಸಿ, ಜೊತೆಗೆ ಬರುತ್ತೇವೆ.

ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ನೋಟ್‌ಬುಕ್ಕು ಇಡುತ್ತೇನೆ. ಒಬ್ಬ ರೋಗಿಗೆ ನಾಲ್ಕು ಹೆಸರು, ವಾರಕ್ಕೆ ತಲಾ ಒಂದು ಗಂಟೆ. ಸಂಜೆಯ ಹೊತ್ತನ್ನೇ ಎಲ್ಲರೂ ಬರೆಯಬೇಡಿ, ಆಗ ಮನೆಯವರು ಬಂದಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜನ ಬೇಕು. ಕೆಲಸದಿಂದ ನಿವೃತ್ತರಾದ ಹಿರಿಯರು ಮೊದಲು ಬರೆಯಿರಿ.