ಯಾವ ವಿಷಯದ ಮೇಲೆ ವೆಬ್‌ಸೈಟ್ ಮಾಡಬೇಕು?

(ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಒಂದು ದಿನದ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಕಂಪ್ಯೂಟರ್ ಓದಿದವಳಲ್ಲ. ಬಿ.ಎಡ್. ಮಾಡಿ ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕಿ. ವೆಬ್‌ಸೈಟ್ ಮಾಡುವುದು ಹೇಗೆಂದು ಕಂಪ್ಯೂಟರ್ ಸರ್ ಬೆಳಿಗ್ಗೆಯೇ ತೋರಿಸಿಕೊಟ್ಟಿದ್ದಾರೆ. ಬ್ಲಾಗರ್, ವರ್ಡ್‌ಪ್ರೆಸ್‌ಗಳಲ್ಲಿ ಹಣ ಕೊಡದೆಯೇ ಆರಂಭಿಸಬಹುದೆಂದೂ ತಿಳಿಸಿದ್ದಾರೆ. ಅದು ಅರ್ಧ ಗಂಟೆಯ ಕೆಲಸ. ಆದರೆ ಅದರಲ್ಲಿ ಏನು ಬರೆಯುವುದು ಎಂಬಲ್ಲಿಗೆ ಬಂದಾಗ ಎಲ್ಲರೂ ನಿಂತುಬಿಡುತ್ತಾರೆ. ನಾನೂ ಅಲ್ಲೇ ಎರಡು ವರ್ಷ ನಿಂತಿದ್ದೆ. ಆ ಎರಡು ವರ್ಷದ ಕಥೆ ಹೇಳುವುದಕ್ಕೇ ಇಲ್ಲಿಗೆ ಬಂದಿದ್ದೇನೆ.

ನನ್ನ ಮೊದಲ ವೆಬ್‌ಸೈಟಿನಲ್ಲಿ ಇಲ್ಲದ್ದೇ ಇರಲಿಲ್ಲ. ಸಾಮಾನ್ಯ ಜ್ಞಾನ, ಪ್ರಬಂಧಗಳು, ಗಾದೆಗಳು, ನೌಕರಿಯ ಪ್ರಕಟಣೆಗಳು, ಹಣ್ಣು ತಿನ್ನುವುದರಿಂದಾಗುವ ಲಾಭಗಳು. ಅರವತ್ತಕ್ಕೂ ಹೆಚ್ಚು ಬರಹ ಹಾಕಿದೆ. ಓದಿದವರು ಯಾರೆಂದರೆ ನಾನು, ನನ್ನ ತಮ್ಮ, ಮತ್ತು ನನ್ನ ಒತ್ತಾಯಕ್ಕೆ ಒಬ್ಬ ಸಹೋದ್ಯೋಗಿ. ನಾನು ಬರೆದದ್ದೆಲ್ಲ ಆಗಲೇ ನೂರು ಕಡೆ ಇತ್ತು, ನನಗಿಂತ ಚೆನ್ನಾಗಿಯೂ ಇತ್ತು. ಕೆಲವನ್ನು ಅಲ್ಲಿಂದಲೇ ನೋಡಿ ಬರೆದಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪರೀಕ್ಷೆಯಲ್ಲಿ ನೀವು ಇದೇ ಕೆಲಸ ಮಾಡಿದರೆ ನಾನು ಸುಮ್ಮನೆ ಬಿಡುತ್ತೇನೆಯೇ?

ಅದೇ ಎರಡು ವರ್ಷ ಸಂಜೆಯ ಹೊತ್ತು ನಮ್ಮ ಮನೆಗೆ ಜನ ಬರುತ್ತಿದ್ದರು. ಕೈಯಲ್ಲಿ ಶಾಲೆಯ ವರ್ಗಾವಣೆ ಪತ್ರ, ಆಧಾರ್ ಕಾರ್ಡು, ಅಂಕಪಟ್ಟಿ. “ಟೀಚರ್, ಹೆಸರು ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆ, ಯಾವುದು ಸರಿ ನೋಡಿ ಕೊಡಿ” ಎನ್ನುತ್ತಿದ್ದರು. ಒಂದರಲ್ಲಿ ಶೇಖ್, ಒಂದರಲ್ಲಿ ಶೇಕ್, ಮತ್ತೊಂದರಲ್ಲಿ ಶೈಕ್. ಮಹಮ್ಮದ್, ಮೊಹಮ್ಮದ್, ಮುಹಮ್ಮದ್. ದಾಖಲಾತಿಯ ದಿನ ತಂದೆ ಹೇಳಿದ್ದು ಒಂದು, ಬರೆದವರಿಗೆ ಕೇಳಿಸಿದ್ದು ಇನ್ನೊಂದು. ಒಬ್ಬ ಹುಡುಗನಂತೂ ಇದೇ ಕಾರಣಕ್ಕೆ ಒಂದು ವರ್ಷದ ವಿದ್ಯಾರ್ಥಿವೇತನ ಕಳೆದುಕೊಂಡ. ಅವನ ತಾಯಿ ಅರ್ಜಿ ಹಿಡಿದು ಬಂದಾಗ ಕೊನೆಯ ದಿನಾಂಕ ಕಳೆದು ಹೋಗಿತ್ತು. ಒಂದು ತಿಂಗಳು ಮೊದಲೇ ಎಲ್ಲಾದರೂ ಓದಿ ತಿಳಿದಿದ್ದರೆ ತಿದ್ದಿಸಿಕೊಳ್ಳಬಹುದಿತ್ತು. ಆ ರಾತ್ರಿ ನಾನು ವೆಬ್‌ಸೈಟಿಗೆ ಹಾಕಿದ ಬರಹ ಯಾವುದು ಗೊತ್ತೇ? ಕಲ್ಲಂಗಡಿ ಹಣ್ಣಿನ ಉಪಯೋಗಗಳು!

ಉರ್ದು ಹೆಸರನ್ನು ಕನ್ನಡದಲ್ಲಿ ಬರೆಯುವುದು ನೀವು ತಿಳಿದಷ್ಟು ಸುಲಭವಲ್ಲ. ಉರ್ದುವಿನಲ್ಲಿ ಝಾಲ್, ಝೇ, ಝ್ವಾದ್, ಝೋಯ್ ಎಂದು ನಾಲ್ಕು ಅಕ್ಷರಗಳಿವೆ. ನಮ್ಮ ಬಾಯಲ್ಲಿ ನಾಲ್ಕಕ್ಕೂ ಒಂದೇ ಧ್ವನಿ. ಕನ್ನಡಕ್ಕೆ ಬಂದಾಗ ನಾಲ್ಕೂ ಸಾಮಾನ್ಯವಾಗಿ ‘ಜ’ ಆಗುತ್ತವೆ. ‘ನಜೀರ್’ ಎಂದು ಬರೆದರೆ ಅದು ಝಾಲ್ ಇರುವ ನಜೀರ್ ಆಗಿರಬಹುದು, ಅಂದರೆ ಎಚ್ಚರಿಸುವವನು. ಝೋಯ್ ಇರುವ ನಜೀರ್ ಕೂಡ ಆಗಿರಬಹುದು, ಅಂದರೆ ಸಾಟಿ, ಮಾದರಿ. ‘ಬೇನಜೀರ್’ ಎಂದರೆ ಸಾಟಿಯಿಲ್ಲದ್ದು ಎಂಬ ಅರ್ಥ ಬಂದದ್ದು ಈ ಎರಡನೆಯದರಿಂದ. ಮಗುವಿಗೆ ಅಜ್ಜ ಇಟ್ಟ ಹೆಸರು ಯಾವುದೆಂದು ಕನ್ನಡ ಕಾಗದ ನೋಡಿ ಹೇಳಲಾಗದು. ಇದನ್ನು ವಿವರಿಸಲು ಎರಡೂ ಲಿಪಿ ಗೊತ್ತಿರಬೇಕು, ಶಾಲೆಯ ದಾಖಲಾತಿ ಪುಸ್ತಕ ಹೇಗಿರುತ್ತದೆಂದು ಕೈಯಾರೆ ಬರೆದು ಗೊತ್ತಿರಬೇಕು. ನನಗೆ ಇವೆರಡೂ ಗೊತ್ತಿದ್ದವು. ಇದೂ ಒಂದು ವಿಷಯ ಎಂಬುದು ಮಾತ್ರ ಗೊತ್ತಿರಲಿಲ್ಲ.

ಇಂಥ ಚಿಕ್ಕ ವಿಷಯಕ್ಕೆ ಇಂಗ್ಲಿಷಿನವರು ‘ನಿಷ್’ ಎನ್ನುತ್ತಾರೆ. ಆ ಪದದ ಮೂಲ ಅರ್ಥ ಗೋಡೆಯಲ್ಲಿ ಕೊರೆದ ಗೂಡು. ಉರ್ದುವಿನಲ್ಲಿ ‘ತಾಖ್’. ಹಳೆಯ ಮನೆಗಳಲ್ಲಿ ನೀವು ನೋಡಿದ್ದೀರಿ, ಒಂದು ದೀಪ ಇಡುವಷ್ಟೇ ಜಾಗ. ನಾನು ಮೊದಲು ಮಾಡಲು ಹೊರಟಿದ್ದು ಇಡೀ ಅರಮನೆ.

ಈ ಮಾತಿಗೆ ದೊಡ್ಡ ಉದಾಹರಣೆಯೊಂದಿದೆ. ಸಲ್ಮಾನ್ ಖಾನ್ ಎಂಬ ಅಮೆರಿಕದ ಯುವಕ (ನಗಬೇಡಿ, ಸಿನಿಮಾದವರಲ್ಲ) ಹಣಕಾಸು ಸಂಸ್ಥೆಯೊಂದರಲ್ಲಿ ನೌಕರಿಯಲ್ಲಿದ್ದರು. 2004ರಲ್ಲಿ ಅವರ ಬಂಧುವಿನ ಮಗಳು ನಾದಿಯಾ ಗಣಿತದಲ್ಲಿ ಹಿಂದೆ ಬಿದ್ದಳು. ಅಳತೆಯ ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಲೆಕ್ಕ, ಅಷ್ಟೇ. ಬೇರೆ ಊರಿನಲ್ಲಿದ್ದ ಅವಳಿಗೆ ಇವರು ಫೋನಿನಲ್ಲಿ ಹೇಳಿಕೊಟ್ಟರು. ಆಮೇಲೆ ಬೇರೆ ಬಂಧುಗಳ ಮಕ್ಕಳೂ ಕೇಳತೊಡಗಿದರು. ಎಲ್ಲರಿಗೂ ಸಮಯ ಹೊಂದಿಸಲಾಗದೆ 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕಿದರು. 2009ರಲ್ಲಿ ನೌಕರಿ ಬಿಟ್ಟರು. ಅದೇ ಇಂದಿನ ಖಾನ್ ಅಕಾಡೆಮಿ. ‘ಜಗತ್ತಿಗೆ ಶಿಕ್ಷಣ ಕೊಡುತ್ತೇನೆ’ ಎಂದು ಅವರು ಆರಂಭಿಸಲಿಲ್ಲ. ಒಬ್ಬ ಹುಡುಗಿ ಒಂದು ಲೆಕ್ಕ ಕೇಳಿದಳು, ಅವರಿಗೆ ಅದು ಬರುತ್ತಿತ್ತು.

ನಮ್ಮವರೇ ಆದ ಡಾ. ಯು.ಬಿ. ಪವನಜ ಅವರು ವಿಜ್ಞಾನಿ. ಕಂಪ್ಯೂಟರ್ ಮತ್ತು ಕನ್ನಡ ಎರಡೂ ಅವರಿಗೆ ಬೇಕಾಗಿದ್ದವು. ಎರಡೂ ಕೂಡಿದ ಕಡೆಯಲ್ಲೇ ಅವರು 1996ರಲ್ಲಿ ‘ವಿಶ್ವ ಕನ್ನಡ’ ಆರಂಭಿಸಿದರು.

ಇನ್ನು ಆಸಕ್ತಿಯ ವಿಚಾರ. “ಟೀಚರ್, ನಿಮಗೆ ಗಜಲ್ ಇಷ್ಟ, ಅದರ ಮೇಲೇ ಮಾಡಬಹುದಿತ್ತಲ್ಲ” ಎಂದು ಒಬ್ಬಳು ಕೇಳಿದಳು. ಇಷ್ಟ ನಿಜ. ಆದರೆ ಉದ್ಯಮಿ ಸಂಜೀವ್ ಸರಾಫ್ ಅವರು 2013ರಲ್ಲಿ ‘ರೇಖ್ತಾ’ ತಂದಿದ್ದಾರೆ. ಗಜಲನ್ನು ಉರ್ದು, ದೇವನಾಗರಿ, ರೋಮನ್ ಮೂರು ಲಿಪಿಗಳಲ್ಲೂ ಓದಬಹುದು, ಪದ ಒತ್ತಿದರೆ ಅರ್ಥ ಬರುತ್ತದೆ. ಅವರಿಗೆ ಆಸಕ್ತಿಯೂ ಇತ್ತು, ಜನರನ್ನು ಕೂಡಿಸಿ ದೊಡ್ಡ ಕೆಲಸ ಮಾಡಿಸುವ ಶಕ್ತಿಯೂ ಇತ್ತು. ನನಗಿರುವುದು ಕೇಳುವ ಕಿವಿ ಮಾತ್ರ. ಬರೀ ಇಷ್ಟದ ಮೇಲೆ ಹೊರಟರೆ ಹತ್ತು ಬರಹದ ಹೊತ್ತಿಗೆ ಬುತ್ತಿ ಖಾಲಿಯಾಗುತ್ತದೆ. ಇಷ್ಟದ ಜೊತೆಗೆ ಕೈಗೆ ಬಂದ ಕೆಲಸವೂ ಇರಬೇಕು.

ಅದು ನಿಮ್ಮಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಮ್ಮನ್ನು ಅಥವಾ ನಿಮ್ಮ ಮನೆಯವರನ್ನು ಹುಡುಕಿಕೊಂಡು ಬಂದು ಜನ ಏನು ಕೇಳುತ್ತಾರೆ, ಅದನ್ನು ಮಾತ್ರ ಬರೆಯಿರಿ. ಹೋದ ವರ್ಷ ಇದನ್ನೇ ನನ್ನ ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ ಖಾಲಿ ಪುಟ ತಂದಳು. “ನಮ್ಮ ಮನೇಲಿ ಬರೆಯೋಕೆ ಏನಿದೆ ಟೀಚರ್? ಅಬ್ಬಾ ಗಾದಿ ತುಂಬ್ತಾರೆ, ಅಷ್ಟೆ” ಎಂದಳು. ‘ಅಷ್ಟೆ’ ಎಂದಾಗ ಅವಳು ತಲೆ ಬಗ್ಗಿಸಿದ್ದು ನನಗೆ ಬಹಳ ನೋವಾಯಿತು. ಸರಿ, ಗಾದಿಯ ಬಗ್ಗೆ ನಿನಗೇನು ಗೊತ್ತು ಎಂದು ಕೇಳಿದೆ. ಆ ಹುಡುಗಿ ಇಪ್ಪತ್ತು ನಿಮಿಷ ಮಾತನಾಡಿದಳು! ಹಳೆಯ ಗಾದಿಯ ಗಂಟುಗಟ್ಟಿದ ಹತ್ತಿಯನ್ನು ಬಿಸಾಡಬೇಕಿಲ್ಲ, ಹಿಂಜಿ ಮತ್ತೆ ತುಂಬಬಹುದು. ತೇವ ಹಿಡಿದ ಹತ್ತಿ ಸರಿಯಾಗಿ ಹಿಂಜುವುದಿಲ್ಲ, ಮೊದಲು ಬಿಸಿಲಿಗೆ ಹಾಕಬೇಕು. ಬೂರುಗದ ಹತ್ತಿ ದಿಂಬಿಗೆ ಒಳ್ಳೆಯದು, ಅದರಿಂದ ನೂಲು ತೆಗೆಯುವುದು ಕಷ್ಟ, ಜಾರುತ್ತದೆ. ಅಂಗಡಿಯವನು ಹತ್ತಿ ಎಂದು ಕೊಟ್ಟದ್ದು ನಿಜವಾದ ಹತ್ತಿಯೇ ಎಂದು ನೋಡಲು ಒಂದೆಳೆ ಸುಡಬೇಕು: ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಹತ್ತಿ ಹಿಂಜುವ ಬಿಲ್ಲು ಮನೆಯ ಅಟ್ಟದ ಮೇಲಿದೆ, ಈಗ ಯಂತ್ರ ಬಂದಿದೆ. ತಂದೆಯ ನಂತರ ಆ ಬಿಲ್ಲು ಹಿಡಿಯಲು ಬರುವವರು ಮನೆಯಲ್ಲಿ ಯಾರೂ ಇಲ್ಲ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನನ್ನ ಕಲ್ಲಂಗಡಿಯಂಥ ಬರಹಗಳನ್ನು ಯಂತ್ರವೇ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಅದಕ್ಕಾಗಿ ಯಾರೂ ನಿಮ್ಮ ಬಳಿ ಬರುವುದಿಲ್ಲ. ಅಟ್ಟದ ಮೇಲಿರುವ ಆ ಬಿಲ್ಲಿನ ಫೋಟೋ, ಅದನ್ನು ಹಿಡಿಯುವ ಬಗೆ, ಅಬ್ಬಾನ ಮಾತು ಆ ಹುಡುಗಿಯ ಹತ್ತಿರ ಮಾತ್ರ ಇವೆ.

ವಿಷಯ ಸಿಕ್ಕಿತೆಂದು ಕೂಡಲೇ ಹೆಸರು ನೋಂದಾಯಿಸಲು ಓಡಬೇಡಿ. ಯಾವ ಪುಸ್ತಕವನ್ನೂ ಮೊಬೈಲನ್ನೂ ನೋಡದೆ ಇಪ್ಪತ್ತು ಶೀರ್ಷಿಕೆ ಬರೆಯಿರಿ. ಏಳಕ್ಕೇ ನಿಂತರೆ ವಿಷಯ ನಿಮ್ಮದಲ್ಲ, ಅಥವಾ ತೀರಾ ಕಿರಿದು. ನೂರು ಬಂದರೆ ತೀರಾ ದೊಡ್ಡದು. ‘ಹೊಲಿಗೆ’ ಬೇಡ, ‘ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುವುದು’ ಸಾಕು. ಆಮೇಲೆ ಗೂಗಲ್‌ನಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಟೈಪ್ ಮಾಡಿ ನೋಡಿ, ಬೇರೆಯವರು ಏನು ಬರೆದಿದ್ದಾರೆ, ಏನು ಬಿಟ್ಟಿದ್ದಾರೆ ಎಂದು. ಕಾಯಿಲೆಗೆ ಔಷಧಿ ಹೇಳುವ ವಿಷಯಕ್ಕೆ ಕೈ ಹಾಕಬೇಡಿ, ಅದು ವೈದ್ಯರ ಕೆಲಸ. ಹೆಣ್ಣುಮಕ್ಕಳು ತಮ್ಮ ಫೋನ್ ನಂಬರ್, ಮನೆಯ ವಿಳಾಸ ಹಾಕಲೇಬೇಡಿ.

ಹಣದ ಬಗ್ಗೆ ಪೋಷಕರು ಕೇಳುತ್ತಾರೆಂದು ಗೊತ್ತು. ಜಾಹೀರಾತಿನಿಂದ ಹೇಳಿಕೊಳ್ಳುವಂಥ ಹಣ ಬರಲು ಬಹಳ ಓದುಗರು ಬೇಕು. ನನ್ನ ಹೆಸರುಗಳ ವೆಬ್‌ಸೈಟಿನಿಂದ ಇಂದಿಗೂ ಒಂದು ರೂಪಾಯಿ ಬಂದಿಲ್ಲ. ಆದರೆ ಈಗ ಸಂಜೆ ಮನೆಗೆ ಬರುವವರು ಕಡಿಮೆಯಾಗಿದ್ದಾರೆ. ಬಂದವರೂ ನನ್ನ ಪುಟವನ್ನೇ ಮೊಬೈಲಿನಲ್ಲಿ ತೆರೆದು “ಇದರಲ್ಲಿ ನಮ್ಮ ಹೆಸರಿಲ್ಲ, ಸೇರಿಸಿ” ಎನ್ನುತ್ತಾರೆ.

ಆ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಇಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ, ಹೆಸರು ಹೇಳುವುದಿಲ್ಲ. ಹದಿನೆಂಟು ಶೀರ್ಷಿಕೆಗಳಾಗಿವೆ. ಉಳಿದೆರಡನ್ನು ಅಬ್ಬಾನನ್ನು ಕೇಳಿ ಬರೆಯುತ್ತೇನೆಂದು ಬೆಳಿಗ್ಗೆ ಹೇಳಿದಳು. ಬೇರೆಯವರು ನೋಟ್‌ಬುಕ್ ಹಿಡಿದು ಶನಿವಾರ ಮಧ್ಯಾಹ್ನ ಬನ್ನಿ, ಕಂಪ್ಯೂಟರ್ ಕೊಠಡಿ ತೆರೆದಿರುತ್ತದೆ.